ಲಾ ಓದಬೇಕಾ?

ಸೊರಬ ತಾಲೂಕಿನ ಕುಬಟೂರಿನಲ್ಲಿ ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳು, "ಅಕ್ಕಾ, ಲಾ ಓದಿದ್ರೆ ಜೀವನಕ್ಕಾಗುತ್ತಾ?" ಅಂತ ಕೇಳಿದಳು. ಇದೇ ಊರಲ್ಲಿ ಹುಟ್ಟಿದ ಬಂಗಾರಪ್ಪನವರು ಕಾನೂನು ಓದಿ, 1990ರಲ್ಲಿ ಮುಖ್ಯಮಂತ್ರಿಯಾದರು. ಆದರೆ ಅವಳಿಗೆ ಆ ಉದಾಹರಣೆ ಕೊಡಲಿಲ್ಲ. ಲಕ್ಷಕ್ಕೊಬ್ಬರ ಕಥೆ ನಂಬಿ ಯಾರೂ ಕಾಲೇಜು ಸೇರಬಾರದು.

ಪದವಿಯ ಮೇಲೆ 3 ವರ್ಷ ಓದು, ಆಮೇಲೆ ಸನ್ನದು, ಬಾರ್ ಪರೀಕ್ಷೆ. ಅಷ್ಟಾದರೂ ಸೀನಿಯರ್ ವಕೀಲರ ಹತ್ತಿರ ಇರುವಾಗ ಬಸ್‌ಚಾರ್ಜಿಗೂ ಅಪ್ಪನನ್ನೇ ಕೇಳಬೇಕಾಗಬಹುದು. ಮನೆಯವರು ಅಷ್ಟು ದಿನ ತಡಕೊಳ್ತಾರಾ ಅಂತ ಮೊದಲು ಕೇಳು ಅಂದೆ.

ಆದರೆ ನಮ್ಮ ಕಡೆ ಕೆಲಸಕ್ಕೇನೂ ಬರವಿಲ್ಲ. ಒಂದು ಕಾಲಕ್ಕೆ ಗೇಣಿದಾರ ಜಮೀನಿನ ಹಕ್ಕು ಕೇಳುವ ಫಾರಂ ನಂಬರ್ 7 ಹಿಡಿದು ಭೂನ್ಯಾಯಮಂಡಳಿ ಮುಂದೆ ನಿಂತರೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ವಕೀಲರನ್ನು ಹಾಗೆ ತಡೆದಿದ್ದ ಕಲಮನ್ನು 1987ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಇವತ್ತಿಗೂ ಬಗರ್‌ಹುಕುಂ, ಅರಣ್ಯ ಹಕ್ಕು, ಪಹಣಿ ತಿದ್ದುಪಡಿ ಕೇಸುಗಳು ಮುಗಿದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಸಮಪಾಲು ಕೊಟ್ಟಿದೆ, ಆದರೂ ಎಷ್ಟೋ ಮನೆಗಳಲ್ಲಿ ಹಕ್ಕು ಬಿಡುಗಡೆ ಪತ್ರವನ್ನು ಓದಿ ಹೇಳದೇ ಅವಳಿಂದ ಸಹಿ ಹಾಕಿಸಿಕೊಳ್ತಾರೆ. ಆ ಹೆಣ್ಣುಮಗಳ ಪಕ್ಕ ಕೂತು, "ತಡಿ ಅಕ್ಕಾ, ಇದರಲ್ಲಿ ಹೀಗೆ ಬರೆದಿದೆ" ಅನ್ನುವ ವಕೀಲೆ ನಮ್ಮೂರಿಗೆ ಬೇಕೇ ಬೇಕು.

ಸೇರುವ ಮೊದಲು ಸೊರಬದ ಕೋರ್ಟಿನಲ್ಲಿ ನಾಲ್ಕು ದಿನ ಕೂತು ಕಲಾಪ ನೋಡು ಅಂದಿದ್ದೇನೆ. ಸೋಮವಾರ ಹೋಗ್ತಾಳಂತೆ.