ಕೋಪನ್‌ಹೇಗನ್ನಿನಿಂದ ಮಾಲ್ಮೋಗೆ: ಒಂದು ವರ್ಗಾವಣೆಯ ಸಿದ್ಧತೆ



ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಏಳು ವರ್ಷಗಳಿಂದ ನೆಲೆಸಿರುವ ನನ್ನ ಮಗ ಕಳೆದ ತಿಂಗಳು ಒಂದು ಭಾನುವಾರ ದೂರವಾಣಿಯಲ್ಲಿ, "ನಾಯನಾ, ನಾವು ಊರು ಬದಲಾಯಿಸುತ್ತಿದ್ದೇವೆ" ಎಂದಾಗ ನನ್ನ ಮನಸ್ಸಿನಲ್ಲೂ ನನ್ನ ಪತ್ನಿಯ ಮನಸ್ಸಿನಲ್ಲೂ ಮೂಡಿದ ಆಸೆ ಒಂದೇ. ಮುಳಬಾಗಿಲಿಗಲ್ಲದಿದ್ದರೂ ಬೆಂಗಳೂರಿಗಾದರೂ ಮರಳುವನೇನೋ ಎಂದುಕೊಂಡೆವು. ಆದರೆ ಆತ ಹೊರಟಿರುವುದು ಸ್ವೀಡನ್ನಿಗೆ. ಲುಂಡ್ ಪಟ್ಟಣದಲ್ಲಿ ಹೊಸ ಉದ್ಯೋಗ, ಹತ್ತಿರದ ಮಾಲ್ಮೋ ನಗರದಲ್ಲಿ ಬಾಡಿಗೆ ಮನೆ. ನನ್ನ ಪತ್ನಿ ನಿರಾಸೆಯನ್ನು ತೋರಗೊಡದೆ, "ಬಹಳ ದೂರವೇನಪ್ಪಾ?" ಎಂದು ಕೇಳಿದಳು. "ಇಲ್ಲಮ್ಮಾ, ಸೇತುವೆ ದಾಟಿದರೆ ಆಯಿತು. ರೈಲಿನಲ್ಲಿ ಮುಕ್ಕಾಲು ಗಂಟೆಯೂ ಆಗದು" ಎಂದ. "ಹಾಗಾದರೆ ಕೋಲಾರದಿಂದ ಮಾಲೂರಿಗೆ ಹೋದಂತೆ ಬಿಡು" ಎಂದು ಆಕೆ ಸಮಾಧಾನ ತಂದುಕೊಂಡಳು.

ನಾನೂ ಹಾಗೆಯೇ ಭಾವಿಸಿದ್ದೆ. ಅಟ್ಲಾಸ್ ತೆರೆದು ನೋಡಿದರೆ ಎರಡು ದೇಶಗಳ ನಡುವೆ ಇರುವುದು ಓರೆಸುಂಡ್ ಎಂಬ ಕಿರಿದಾದ ಜಲಸಂಧಿ. 2000ದ ಜುಲೈ 1ರಂದು ಅದರ ಮೇಲೆ ರಸ್ತೆ ಮತ್ತು ರೈಲು ಸಂಚಾರ ಆರಂಭವಾಯಿತು. ಸ್ವೀಡನ್ನಿನ ಕಡೆಯಿಂದ ಸುಮಾರು 8 ಕಿಲೋಮೀಟರ್ ಸೇತುವೆ, ನಡುವೆ ಮನುಷ್ಯರೇ ಕಟ್ಟಿದ ಒಂದು ದ್ವೀಪ, ಅಲ್ಲಿಂದ ಮುಂದೆ ಸಮುದ್ರದಡಿಯ ಸುರಂಗ. ಮಾಲೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸಂಜೆ ಮರಳುವ ನಮ್ಮವರಂತೆ, ಅಲ್ಲಿಯೂ ಒಂದು ದೇಶದಲ್ಲಿ ಮಲಗಿ ಇನ್ನೊಂದು ದೇಶದಲ್ಲಿ ದುಡಿಯುವವರು ಸಾವಿರಾರು ಮಂದಿ ಇದ್ದಾರೆ.

ಆದರೆ ಮುಂದಿನ ನಾಲ್ಕು ಭಾನುವಾರಗಳಲ್ಲಿ ಮಗ ತನ್ನ ಸಿದ್ಧತೆಗಳನ್ನು ಒಂದೊಂದಾಗಿ ವಿವರಿಸಿದಂತೆ, ಹತ್ತಿರವೆಂಬುದು ಯಾರಿಗೆ ಹತ್ತಿರ ಎಂಬ ಪ್ರಶ್ನೆ ನನ್ನಲ್ಲಿ ಎದ್ದಿತು. ಅಲ್ಲಿನ ಉತ್ತರದ ದೇಶಗಳು 1954ರಲ್ಲಿಯೇ ಒಪ್ಪಂದ ಮಾಡಿಕೊಂಡು, ತಮ್ಮ ಪ್ರಜೆಗಳು ಪರಸ್ಪರರ ದೇಶಗಳಲ್ಲಿ ಅನುಮತಿಯ ಹಂಗಿಲ್ಲದೆ ದುಡಿಯಲು ಅವಕಾಶ ಕಲ್ಪಿಸಿಕೊಂಡಿವೆ. ಭಾರತದ ಪಾಸ್‌ಪೋರ್ಟ್ ಹಿಡಿದವನಿಗೆ ಆ ಸೌಲಭ್ಯವಿಲ್ಲ. ಡೆನ್ಮಾರ್ಕಿನ ಅನುಮತಿ ಅಲ್ಲಿಗೇ ಸರಿ. ಸ್ವೀಡನ್ನಿನಲ್ಲಿ ದುಡಿಯಲು ಅಲ್ಲಿನ ವಲಸೆ ಇಲಾಖೆಯಿಂದ ಹೊಸ ಅನುಮತಿ ಪಡೆಯಬೇಕು. ಹೆಂಡತಿ ಮಕ್ಕಳಿಗೂ ಅರ್ಜಿ ಬೇರೆ. ಅದು ಕೈಸೇರುವವರೆಗೆ ಮನೆಯ ಸಾಮಾನು ಕಟ್ಟುವಂತಿಲ್ಲ, ಕಟ್ಟದಿರುವಂತೆಯೂ ಇಲ್ಲ.

ಆ ಬಳಿಕ ಬರುವುದು ಸಂಖ್ಯೆಯ ವಿಚಾರ. ಎರಡೂ ದೇಶಗಳಲ್ಲಿ ಪ್ರತಿಯೊಬ್ಬ ನಿವಾಸಿಗೂ ನಮ್ಮ ಆಧಾರ್‌ನಂತೆ ಒಂದು ಸಂಖ್ಯೆ ಇದೆ. ಸ್ವೀಡನ್ನಿನಲ್ಲಿ ಅದು 1947ರಲ್ಲಿ, ಡೆನ್ಮಾರ್ಕಿನಲ್ಲಿ 1968ರಲ್ಲಿ ಆರಂಭವಾಯಿತು. ಎರಡರಲ್ಲೂ ಹತ್ತು ಅಂಕಿಗಳು. ಮೊದಲ ಆರು ಅಂಕಿಗಳು ಹುಟ್ಟಿದ ದಿನಾಂಕವನ್ನು ಸೂಚಿಸುತ್ತವೆ. ಆದರೆ ಡೆನ್ಮಾರ್ಕಿನಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮವಾದರೆ ಸ್ವೀಡನ್ನಿನಲ್ಲಿ ವರ್ಷ, ತಿಂಗಳು, ದಿನ. ಮನುಷ್ಯ ಅವನೇ, ಹುಟ್ಟಿದ ದಿನವೂ ಅದೇ. ಸೇತುವೆ ದಾಟಿದೊಡನೆ ತಿರುಗುಮುರುಗಾಗುತ್ತದೆ! ಒಂದು ವರ್ಷವಾದರೂ ಅಲ್ಲಿ ನೆಲೆಸುವವರಿಗೆ ಮಾತ್ರ ತೆರಿಗೆ ಇಲಾಖೆ ಈ ಸಂಖ್ಯೆಯನ್ನು ನೀಡುತ್ತದೆ. ಅದಿಲ್ಲದೆ ಬ್ಯಾಂಕಿನ ವ್ಯವಹಾರ ಕಷ್ಟ, ಮೊಬೈಲಿನಲ್ಲಿ ಗುರುತು ತೋರಿಸುವ ಸೌಲಭ್ಯವೂ ದೊರೆಯದು.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಡೆನ್ಮಾರ್ಕಿನಲ್ಲಿ ಶಾಶ್ವತ ವಾಸದ ಹಕ್ಕು ಪಡೆಯಲು ಸಾಮಾನ್ಯವಾಗಿ ಎಂಟು ವರ್ಷಗಳು ಬೇಕು. ಮಗನಿಗೆ ಏಳು ತುಂಬಿದ್ದವು. ಆ ಏಳು ವರ್ಷಗಳು ಸ್ವೀಡನ್ನಿನ ಲೆಕ್ಕಕ್ಕೆ ಸೇರುವುದಿಲ್ಲ. ನಾನು ಶ್ರೀನಿವಾಸಪುರದಿಂದ ಮಾಲೂರಿಗೆ, ಮಾಲೂರಿನಿಂದ ಕೋಲಾರಕ್ಕೆ ವರ್ಗವಾದಾಗ ಟ್ರಂಕು, ಹಾಸಿಗೆಗಳ ಹಿಂದೆಯೇ ನನ್ನ ಸೇವಾ ಪುಸ್ತಕವೂ ಬರುತ್ತಿತ್ತು. ಒಂದು ದಿನದ ಸೇವೆಯೂ ವ್ಯರ್ಥವಾಗಲಿಲ್ಲ. "ನಿನ್ನ ಸೇವಾ ಪುಸ್ತಕ ಬರುವುದಿಲ್ಲವೇನೋ?" ಎಂದು ಕೇಳಿದೆ. ಆತ ನಕ್ಕು, "ಇಲ್ಲ ನಾಯನಾ, ಸೊನ್ನೆಯಿಂದಲೇ ಶುರು" ಎಂದ. ಆ ನಗುವಿನಲ್ಲಿ ಸಂತೋಷವಿರಲಿಲ್ಲ.

ನನ್ನ ಮೊಮ್ಮಗಳಿಗೆ ಈಗ ಎಂಟು ವರ್ಷ. ವರ್ಷದ ಕೂಸಾಗಿ ಹೋದವಳು ಡೇನಿಷ್ ಭಾಷೆಯಲ್ಲಿಯೇ ಓದು ಕಲಿತಳು, ಆ ಭಾಷೆಯಲ್ಲಿಯೇ ಲೆಕ್ಕ ಮಾಡುತ್ತಾಳೆ. ಡೇನಿಷ್ ಮತ್ತು ಸ್ವೀಡಿಷ್ ಒಂದೇ ಬುಡದ ಭಾಷೆಗಳು. ಬರವಣಿಗೆಯಲ್ಲಿ ಬಹಳ ಹತ್ತಿರ, ಉಚ್ಚಾರಣೆಯಲ್ಲಿ ದೂರ. ಲಿಪಿ ಒಂದೇ ಆದರೂ ಕೆಲವು ಸ್ವರಾಕ್ಷರಗಳ ರೂಪ ಬೇರೆ. ಕನ್ನಡ ತೆಲುಗು ಲಿಪಿಗಳ ತಲೆಕಟ್ಟಿನ ವ್ಯತ್ಯಾಸ ಬಲ್ಲ ನಮಗೆ ಇದು ಹೊಸದೇನಲ್ಲ. ಸಂಖ್ಯೆಗಳಂತೂ ಸೋಜಿಗ. ಐವತ್ತಕ್ಕೆ ಡೇನಿಷರು ಹೇಳುವ ಪದದ ಮೂಲಾರ್ಥ "ಎರಡೂವರೆ ಇಪ್ಪತ್ತು". ತೊಂಬತ್ತೆಂದರೆ "ನಾಲ್ಕೂವರೆ ಇಪ್ಪತ್ತು". ಸ್ವೀಡಿಷರು ನಮ್ಮಂತೆ ನೇರವಾಗಿ ಐದು ಹತ್ತು, ಒಂಬತ್ತು ಹತ್ತು ಎಂಬ ಕ್ರಮದಲ್ಲಿ ಎಣಿಸುತ್ತಾರೆ. ಮೊಮ್ಮಗಳು ಇದನ್ನು ನನಗೆ ಬಿಡಿಸಿ ಹೇಳಿ, ಕೊನೆಗೆ ಕೇಳಿದಳು: "ತಾತ, ಅಲ್ಲಿ ನಾನು ಮಾತಾಡಿದ್ರೆ ಮಕ್ಕಳು ನಗ್ತಾರಾ?"

"ಇಲ್ಲ ಕಂದಾ" ಎಂದೆ. ಆದರೆ ಅದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅಳುಕು ಅಂದಿನಿಂದ ಮನಸ್ಸನ್ನು ಬಿಟ್ಟಿಲ್ಲ. ಅದಕ್ಕೆ ಕಾರಣವಾದದ್ದು ಶಾಲೆಯ ಒಂದು ಅರ್ಜಿ.

ಸ್ವೀಡನ್ನಿನ ಶಾಲೆಗಳಲ್ಲಿ, ಸ್ವೀಡಿಷ್ ಅಲ್ಲದ ಮಾತೃಭಾಷೆಯ ಮಕ್ಕಳಿಗೆ ಆ ಭಾಷೆಯನ್ನು ಕಲಿಸುವ ವ್ಯವಸ್ಥೆ ಇದೆ. ತಂದೆ ಅಥವಾ ತಾಯಿಯ ಮಾತೃಭಾಷೆ ಅದಾಗಿರಬೇಕು, ಮನೆಯಲ್ಲಿ ದಿನವೂ ಬಳಕೆಯಲ್ಲಿರಬೇಕು, ಮಗುವಿಗೆ ಸ್ವಲ್ಪವಾದರೂ ಬರಬೇಕು. ಆ ಊರಿನ ಆಡಳಿತದ ವ್ಯಾಪ್ತಿಯಲ್ಲಿ ಐದು ಮಕ್ಕಳಾದರೂ ಕೇಳಿದರೆ, ತಕ್ಕ ಶಿಕ್ಷಕರು ದೊರೆತರೆ, ಪಾಠ ನಡೆಸಬೇಕು. ಡೆನ್ಮಾರ್ಕಿನಲ್ಲಿ ಐರೋಪ್ಯ ಒಕ್ಕೂಟದ ಹೊರಗಿನ ಭಾಷೆಗಳಿಗೆ ಇಂಥ ಕಡ್ಡಾಯವನ್ನು 2002ರಲ್ಲಿ ಕೈಬಿಡಲಾಯಿತು. ಮಗನಿಗೆ ಸಂತೋಷವಾಯಿತು. ಆದರೆ ಸಾಮಾನ್ಯವಾಗಿ ಒಂದು ಮಗುವಿಗೆ ಒಂದೇ ಭಾಷೆ. "ನಾಯನಾ, ಮಾತೃಭಾಷೆ ಎಂಬಲ್ಲಿ ಏನೆಂದು ಬರೆಯಲಿ?" ಎಂದು ಕೇಳಿದ.

ಕನ್ನಡ ಮೇಷ್ಟ್ರಾಗಿ ಮೂವತ್ತು ವರ್ಷಗಳಿಗೂ ಮೀರಿ ದುಡಿದ ನಾನು ಆ ಪ್ರಶ್ನೆಗೆ ಥಟ್ಟನೆ ಉತ್ತರಿಸಲಾರದೆ ಹೋದೆ. ಏಕೆಂದರೆ ಆತ ಕೇಳಿದ್ದು ತೆಲುಗಿನಲ್ಲಿ. ಮೇಲೆ ನಾನು ಬರೆದಿರುವ, ಮಗನೊಡನೆ ನಡೆದ ಸಂಭಾಷಣೆಯೆಲ್ಲವೂ ತೆಲುಗಿನಲ್ಲಿ ನಡೆದದ್ದೇ. ಮುಳಬಾಗಿಲಿನ ಅನೇಕ ಮನೆಗಳಂತೆ ನಮ್ಮ ಮನೆಮಾತೂ ತೆಲುಗು. ನನ್ನ ತಾಯಿಗೆ ಕನ್ನಡ ಸಂತೆಯ ವ್ಯವಹಾರಕ್ಕಷ್ಟೇ ಬರುತ್ತಿತ್ತು. ಮಾಲೂರಿನಿಂದ ಬಂದ ಸೊಸೆಯ ಮನೆಮಾತು ಕನ್ನಡ. ಮೊಮ್ಮಗಳು ಎರಡನ್ನೂ ಬೆರೆಸಿ, ನಡುನಡುವೆ ಡೇನಿಷ್ ಸೇರಿಸಿ ಮಾತನಾಡುತ್ತಾಳೆ.

ಶ್ರೀನಿವಾಸಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನನ್ನ ಕೈಕೆಳಗೆ ಓದಿದವರು ಈ ಪುಟವನ್ನು ಓದುತ್ತಿದ್ದರೆ ಅವರಿಗೆ ಹತ್ತು ಪೈಸೆಯ ದಂಡ ನೆನಪಿರಬಹುದು. 1988ರ ಸುಮಾರಿಗೆ, ತರಗತಿಯಲ್ಲಿ ತೆಲುಗು ಮಾತನಾಡಿದವರು ಹತ್ತು ಪೈಸೆ ಕೊಡಬೇಕೆಂಬ ನಿಯಮವನ್ನು ನಾನೇ ಮಾಡಿದ್ದೆ. ಮಕ್ಕಳ ಕನ್ನಡ ಸುಧಾರಿಸಲೆಂಬ ಸದುದ್ದೇಶ ನನ್ನದು. ಕೂಡಿದ ಹಣದಿಂದ ನವೆಂಬರ್ 1ರಂದು ರಾಜ್ಯೋತ್ಸವದ ಸಿಹಿ ಹಂಚಿದೆವು. ಒಂದು ಮಧ್ಯಾಹ್ನ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸಾರ್, ನೀಳ್ಳು ತಾಗಿ ವಸ್ತಾನು" ಎಂದ. ನೀರು ಕುಡಿದು ಬರುತ್ತೇನೆ ಎಂದಷ್ಟೇ ಅದರ ಅರ್ಥ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ದಂಡವನ್ನೂ ಹಾಕಿದೆ. ಆ ಹುಡುಗ ಆ ವರ್ಷವಿಡೀ ಮತ್ತೆ ಯಾವುದಕ್ಕೂ ಎದ್ದು ನಿಂತು ಕೇಳಲಿಲ್ಲ. ಸಂಜೆ ಮನೆಗೆ ಬಂದು ನಾನು ನನ್ನ ತಾಯಿಯ ಬಳಿ ಅದೇ ಭಾಷೆಯಲ್ಲಿ ನೀರು ಕೇಳುತ್ತಿದ್ದೆ.

ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಜನಿಸಿದ ಮಾಸ್ತಿಯವರ ಮನೆಮಾತು ತಮಿಳು. ಅವರೇ 1983ರ ಜ್ಞಾನಪೀಠವನ್ನು ಕನ್ನಡಕ್ಕೆ ತಂದರು. ಇದನ್ನು ತರಗತಿಯಲ್ಲಿ ಅಭಿಮಾನದಿಂದ ಹೇಳುತ್ತಿದ್ದೆ. ಮನೆಯ ಭಾಷೆಯನ್ನು ಬಿಡದೆಯೇ ಇನ್ನೊಂದು ಭಾಷೆಯನ್ನು ತನ್ನದಾಗಿಸಿಕೊಳ್ಳಬಹುದೆಂಬ ಅದರ ತಿರುಳು ಹೇಳುತ್ತಿದ್ದ ನನಗೇ ಆಗ ಹೊಳೆದಿರಲಿಲ್ಲ.

ಎರಡು ದಿನ ಯೋಚಿಸಿ ಮಗನಿಗೆ ನಾನೇ ಕರೆ ಮಾಡಿದೆ. "ಮಗು ಮಲಗುವ ಹೊತ್ತಿನಲ್ಲಿ ಯಾವ ಭಾಷೆಯಲ್ಲಿ ಕಥೆ ಕೇಳುತ್ತಾಳೋ ಅದನ್ನೇ ಬರೆ" ಎಂದೆ. ಕಥೆ ಹೇಳುವವಳು ಸೊಸೆ. ಆದ್ದರಿಂದ ಕನ್ನಡವೆಂದು ಬರೆದರು. ತೆಲುಗಿನ ಹೊಣೆಯನ್ನು ನಾನು ವಹಿಸಿಕೊಂಡೆ. ಪ್ರತಿ ಭಾನುವಾರ ಅರ್ಧ ಗಂಟೆ ತಾತನೊಡನೆ ತೆಲುಗು ಮಾತು. ಕಲಿತ ಡೇನಿಷನ್ನು ಮರೆಯಗೊಡಬೇಡಿ, ಅವಳ ಪುಸ್ತಕಗಳನ್ನು ಯಾರಿಗೂ ಕೊಟ್ಟುಬಿಡದೆ ಮೊದಲ ಪೆಟ್ಟಿಗೆಯಲ್ಲಿಯೇ ಕಟ್ಟಿರಿ ಎಂದೂ ಹೇಳಿದೆ. ಮಗನ ಏಳು ವರ್ಷಗಳನ್ನು ಸೇತುವೆ ದಾಟಿಸಲು ಯಾವ ಅರ್ಜಿಯೂ ಇಲ್ಲ. ಮಗುವಿನ ಏಳು ವರ್ಷಗಳನ್ನಾದರೂ ದಾಟಿಸಬಹುದು.

ಅನುಮತಿ ಪತ್ರ ಇನ್ನೂ ಬಂದಿಲ್ಲ. ಮಾಲ್ಮೋದಲ್ಲಿ ಕನ್ನಡಕ್ಕೆ ಐದು ಮಕ್ಕಳು ಸೇರುವರೋ, ಕಲಿಸುವವರು ಸಿಗುವರೋ ಕಾದು ನೋಡಬೇಕು.

ಅಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆ ಹುಡುಗ ಈಗ ಐವತ್ತು ದಾಟಿರಬೇಕು. ಆತ ಇದನ್ನು ಓದುವುದಾದರೆ, ನನ್ನ ತಪ್ಪನ್ನು ಮನ್ನಿಸಲಿ ಎಂದು ಕೋರುತ್ತೇನೆ. ಅಂದೇ ಹೇಳಬೇಕಿದ್ದ ಉತ್ತರವನ್ನು ಇಂದು ಹೇಳುತ್ತಿದ್ದೇನೆ: "ತಾಗಿ ರಾ ನಾಯನಾ." ಕುಡಿದು ಬಾರಪ್ಪಾ.