ಅಪ್ಪಣೆಯಿಲ್ಲದೆ ಒಳಬಂದವು

ಮನೆಯ ಹಳೆಯ ಕಂಪ್ಯೂಟರ್ ನಿಧಾನವಾದರೆ ನಾವು ತಪ್ಪನ್ನೆಲ್ಲ ಅದರ ವಯಸ್ಸಿನ ಮೇಲೆ ಹೊರಿಸಿಬಿಡುತ್ತೇವೆ. ಇಷ್ಟು ವರ್ಷ ದುಡಿದಿದೆ, ಇನ್ನೆಷ್ಟು ದುಡಿದೀತು ಎನ್ನುತ್ತೇವೆ. ಆದರೆ ಪ್ರೊಸೆಸರಿಗೆ ಮುಪ್ಪು ಹಾಗೆ ಬರುವುದಿಲ್ಲ. ಫ್ಯಾನಿಗೆ ಧೂಳು ಮೆತ್ತಿಕೊಂಡರೆ, ಹಾರ್ಡ್ ಡಿಸ್ಕ್ ಕೆಡುತ್ತ ಬಂದರೆ ವೇಗ ತಗ್ಗುವುದು ನಿಜ. ಅವೆರಡೂ ಸರಿಯಿದ್ದರೆ, ಕೊಂಡ ದಿನ ಎಷ್ಟು ಚುರುಕಾಗಿ ಲೆಕ್ಕ ಮಾಡುತ್ತಿತ್ತೋ ಇವತ್ತೂ ಅಷ್ಟೇ ಚುರುಕಾಗಿ ಮಾಡುತ್ತದೆ. ಬದಲಾಗಿರುವುದು ಅದರ ಹೆಗಲ ಮೇಲಿನ ಕೆಲಸ. ಆ ಕೆಲಸದಲ್ಲಿ ನಾವು ಹೇಳಿದ್ದು ಎಷ್ಟು, ನಮಗೆ ತಿಳಿಯದಂತೆ ಬೇರೆ ಯಾರೋ ಮಾಡಿಸಿಕೊಳ್ಳುತ್ತಿರುವುದು ಎಷ್ಟು? ಈ ಪ್ರಶ್ನೆಯನ್ನು ಪ್ರತಿ ಮನೆಯವರೂ ಕೇಳಿಕೊಳ್ಳಬೇಕು, ಉತ್ತರವನ್ನೂ ತಾವೇ ಹುಡುಕಲು ಕಲಿಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸಾಗರದಲ್ಲಿರುವ ನನ್ನ ದೊಡ್ಡಪ್ಪನ ಮನೆಯಲ್ಲಿ ಅಂಥದೊಂದು ಕಂಪ್ಯೂಟರ್ ಇದೆ. ಮಗ ಇಂಜಿನಿಯರಿಂಗ್ ಓದುವಾಗ ಕೊಂಡದ್ದು, ವಿಂಡೋಸ್ 7 ಕಾಲದ್ದು. ಮಗ ನೌಕರಿಗೆಂದು ಹೊರಟ ಮೇಲೆ ಅದು ಅಪ್ಪನ ಪಾಲಿಗೆ ಬಂತು. ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಸುತ್ತಲಿನ ಊರುಗಳ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೋ ತೆಗೆದು, ಅವುಗಳ ವಿವರವನ್ನು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಇಟ್ಟುಕೊಳ್ಳುತ್ತಾರೆ. ದೊಡ್ಡಮ್ಮ ಹೇಳಿದ ಮದುವೆ ಹಾಡು, ಆರತಿ ಹಾಡುಗಳೂ ಅದರಲ್ಲೇ ಇವೆ. ಅದು ತಡೆತಡೆದು ನಡೆಯತೊಡಗಿತ್ತು. ಗೂಗಲ್ ತೆರೆದರೆ ಇನ್ಯಾವುದೋ ಪುಟ ಬರುತ್ತಿತ್ತು. ಕೆಂಪು ಬಣ್ಣದ ಎಚ್ಚರಿಕೆಯೊಂದು ಪರದೆ ತುಂಬ ಹರಡಿಕೊಂಡು, ವೈರಸ್ ಬಂದಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎನ್ನುತ್ತಿತ್ತು.

“ಇದಕ್ಕೆ ವಯಸ್ಸಾಯ್ತು ಕಣೋ. ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಹೊಡೆಸಿಬಿಡೋಣ” ಎಂದರು ದೊಡ್ಡಪ್ಪ.

“ಸ್ವಲ್ಪ ತಡೀರಿ ದೊಡ್ಡಪ್ಪ, ಒಳಗೆ ಏನಿದೆ ಅಂತ ಮೊದಲು ನೋಡೋಣ” ಎಂದೆ.

ಫಾರ್ಮ್ಯಾಟ್ ಎಂಬುದು ನಮ್ಮಲ್ಲಿ ಸರ್ವರೋಗಕ್ಕೂ ಒಂದೇ ಮದ್ದು ಎಂಬಂತಾಗಿದೆ. ಅದಕ್ಕೂ ಕಾಲವಿದೆ, ಆ ಮಾತು ಮುಂದೆ ಬರುತ್ತದೆ. ಆದರೆ ಏನಾಗಿದೆ ಎಂದು ತಿಳಿಯದೆ ಎಲ್ಲವನ್ನೂ ಅಳಿಸಿದರೆ ಬಂದದ್ದು ಯಾವ ದಾರಿಯಲ್ಲಿ ಬಂತು ಎಂಬುದೂ ಅಳಿಸಿಹೋಗುತ್ತದೆ. ದಾರಿ ತೆರೆದೇ ಇರುತ್ತದೆ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಪಾಡು. ಎಷ್ಟೋ ಕಡೆ ಫಾರ್ಮ್ಯಾಟ್ ಮಾಡಿದವರು ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿ, ಅದನ್ನು ಚಾಲೂ ಮಾಡಲು ಒಂದು ಕ್ರ್ಯಾಕ್ ಸೇರಿಸಿ ಕೊಡುತ್ತಾರೆ. ಆ ಕ್ರ್ಯಾಕಿನ ಹೊಟ್ಟೆಯಲ್ಲೇ ಹೊಸ ಕಳ್ಳನಿರುವುದು ಅಪರೂಪವೇನಲ್ಲ.

ಹುಡುಕಾಟಕ್ಕೆ ಒಂದು ಕ್ರಮವಿದೆ. ಮೊದಲು ಇಂಟರ್ನೆಟ್ಟಿನ ವೈರು ಕೀಳಬೇಕು. ಒಳಗಿರುವುದು ಹೊರಗಿನವರೊಡನೆ ಮಾತಾಡುವುದು ಅಲ್ಲಿಗೆ ನಿಲ್ಲುತ್ತದೆ. ಶುದ್ಧಿಗೆ ಬೇಕಾದ ಉಪಕರಣಗಳನ್ನು ಬೇರೆ ಒಳ್ಳೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ತರಬೇಕು. ಪೆನ್ ಡ್ರೈವಿನಲ್ಲಿ ತಂದರೆ ಚುಚ್ಚಿದ ಕ್ಷಣವೇ ಅದಕ್ಕೂ ಸೋಂಕು ಅಂಟಬಹುದು. ಹಳೆಯ ಯಂತ್ರಗಳ ಒಂದು ಅನುಕೂಲವೆಂದರೆ ಅವುಗಳಲ್ಲಿ ಡಿವಿಡಿ ಡ್ರೈವ್ ಇರುತ್ತದೆ. ಒಮ್ಮೆ ಬರೆದು ಮುಗಿಸಿದ ಡಿವಿಡಿಯ ಮೇಲೆ ಯಾವ ವೈರಸ್ಸೂ ತನ್ನನ್ನು ಬರೆದುಕೊಳ್ಳಲಾರದು. ನಾನು ಉಪಕರಣಗಳನ್ನು ಹಾಗೆಯೇ ಒಯ್ದಿದ್ದೆ.

ದೊಡ್ಡಪ್ಪನಿಗೆ ದೊಡ್ಡ ಚಿಂತೆ ಅವರ ಪೆನ್ ಡ್ರೈವಿನದು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದ ಮೇಲೆ ಅದರಲ್ಲಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿದ್ದವು. ಹೆಸರು ಅವೇ, ಹಳದಿ ಚಿತ್ರವೂ ಅದೇ, ಆದರೆ ಪ್ರತಿಯೊಂದರ ಮೂಲೆಯಲ್ಲಿ ಸಣ್ಣದೊಂದು ಬಾಣದ ಗುರುತು. ಒಂದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ‘ಟಾರ್ಗೆಟ್’ ಎಂಬ ಪೆಟ್ಟಿಗೆಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಅಲ್ಲಿ ಫೋಲ್ಡರಿನ ವಿಳಾಸವಷ್ಟೇ ಇರಬೇಕಿತ್ತು. ಇದ್ದದ್ದು ಉದ್ದನೆಯ ಆಜ್ಞೆ: ಮೊದಲು ಒಂದು ಸ್ಕ್ರಿಪ್ಟ್ ನಡೆಸು, ಆಮೇಲೆ ಫೋಲ್ಡರ್ ತೆರೆ. ಒತ್ತಿದವರಿಗೆ ತಮ್ಮ ಫೋಲ್ಡರ್ ತೆರೆದುಕೊಂಡದ್ದು ಕಾಣುತ್ತದೆ, ಅದಕ್ಕೆ ಮುಂಚೆ ಕಣ್ಣುಮಿಟುಕುವಷ್ಟರಲ್ಲಿ ನಡೆದದ್ದು ಕಾಣುವುದಿಲ್ಲ. ಒಂದು ಕಾಲಕ್ಕೆ ಪೆನ್ ಡ್ರೈವ್ ಚುಚ್ಚಿದರೆ ಸಾಕು, ಆಟೋರನ್ ಎಂಬ ಸೌಲಭ್ಯದಿಂದ ವೈರಸ್ ತಾನಾಗಿಯೇ ಓಡುತ್ತಿತ್ತು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವೈರಸ್ ಹಬ್ಬಿದ ದಾರಿಗಳಲ್ಲಿ ಅದೂ ಒಂದು. ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ಆ ಬಾಗಿಲನ್ನು ಮುಚ್ಚಿತು. ತಾನಾಗಿ ಓಡಲು ಆಗದಿದ್ದಾಗ ನಮ್ಮ ಕೈಯಿಂದಲೇ ಒತ್ತಿಸಿಕೊಳ್ಳುವ ಈ ಉಪಾಯ ಬಲವಾಯಿತು.

ನಿಜವಾದ ಫೋಲ್ಡರುಗಳು ಎಲ್ಲಿಗೂ ಹೋಗಿರುವುದಿಲ್ಲ. ಅವುಗಳಿಗೆ ‘ಅಡಗಿಸು’ ಎಂಬ ಗುರುತು ಹಾಕಿರುತ್ತದೆ, ಅಷ್ಟೆ. ಆದರೆ ಅವನ್ನು ಹೊರತೆಗೆಯುವ ಆತುರದಲ್ಲಿ ಪೆನ್ ಡ್ರೈವಿಗೆ ಮೊದಲು ಕೈಹಾಕಬಾರದು. ಕಂಪ್ಯೂಟರಿನ ಒಳಗೆ ಆ ಸ್ಕ್ರಿಪ್ಟ್ ಇನ್ನೂ ಓಡುತ್ತಿದ್ದರೆ, ಈ ಕಡೆ ಒರೆಸಿದ್ದನ್ನು ಆ ಕಡೆ ಮತ್ತೆ ಬರೆಯುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಓಡುತ್ತಿರುವ ಪ್ರತಿ ಕಾರ್ಯಕ್ರಮಕ್ಕೂ ಕೊಟ್ಟಿರುವ ಆಜ್ಞೆ ಏನೆಂದು ತೋರಿಸುವ ಕಾಲಂ ಒಂದಿದೆ. ಅದನ್ನು ತೆರೆದಾಗ ಸಿಕ್ಕಿತು. ಓಡುತ್ತಿದ್ದದ್ದು ‘ಡಬ್ಲ್ಯೂಸ್ಕ್ರಿಪ್ಟ್’, ಅದು ವಿಂಡೋಸಿನದೇ ಕಾರ್ಯಕ್ರಮ, ಮೈಕ್ರೋಸಾಫ್ಟಿನ ಸಹಿಯೂ ಸರಿಯಾಗಿಯೇ ಇತ್ತು. ಅದು ಓದುತ್ತಿದ್ದ ಕಡತ ಮಾತ್ರ ದೊಡ್ಡಪ್ಪನ ಹೆಸರಿನ ಫೋಲ್ಡರಿನೊಳಗೆ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ‘ಆ್ಯಪ್‌ಡೇಟಾ’ದಲ್ಲಿ ಅಡಗಿತ್ತು. ಮೊದಲು ಆ ಓಟ ನಿಲ್ಲಿಸಿದೆ. ಆಮೇಲೆ ಕಂಪ್ಯೂಟರ್ ಶುರುವಾದಾಗ ಅದನ್ನು ಎಬ್ಬಿಸುತ್ತಿದ್ದ ಕೊಂಡಿ ತೆಗೆದೆ, ಬಳಿಕ ಕಡತ, ಕೊನೆಗೆ ಪೆನ್ ಡ್ರೈವಿನ ಸುಳ್ಳು ಶಾರ್ಟ್‌ಕಟ್‌ಗಳು. ಕಪ್ಪು ಕಮಾಂಡ್ ಕಿಟಕಿಯಲ್ಲಿ ‘ಅಟ್ರಿಬ್’ ಎಂಬ ಹಳೆಯ ಡಾಸ್ ಆಜ್ಞೆ ಕೊಟ್ಟು, ಅಡಗಿಸಿದ ಗುರುತನ್ನು ಅಳಿಸಿದಾಗ ಫೋಲ್ಡರುಗಳು ಒಂದೊಂದಾಗಿ ಮರಳಿದವು. ವೀರಗಲ್ಲು, ಮಾಸ್ತಿಕಲ್ಲು, ಹಾಡುಗಳು. ದೊಡ್ಡಮ್ಮ ಒಳಗಿನಿಂದ ಬಂದು, “ಎಲ್ಲಾ ಇದ್ಯಾ? ಹಸೆ ಹಾಡು ತೆಗೆದು ತೋರ್ಸು” ಎಂದು ನೋಡಿದ ಮೇಲೇ ಸಮಾಧಾನಪಟ್ಟರು.

ಬ್ರೌಸರ್ ದಾರಿ ತಪ್ಪುತ್ತಿದ್ದುದರ ಗುಟ್ಟೂ ಅಂಥದೇ ಒಂದು ಟಾರ್ಗೆಟ್ ಪೆಟ್ಟಿಗೆಯಲ್ಲಿತ್ತು. ಬ್ರೌಸರಿನ ಐಕಾನ್ ತೆರೆದು ನೋಡಿದರೆ ಆಜ್ಞೆಯ ಬಾಲಕ್ಕೆ ಯಾವುದೋ ಜಾಲತಾಣದ ವಿಳಾಸ ಅಂಟಿಸಲಾಗಿತ್ತು. ಹೋಂ ಪೇಜನ್ನು ಎಷ್ಟು ಸಲ ಸರಿಮಾಡಿದರೂ ಪ್ರಯೋಜನವಾಗದ್ದು ಅದಕ್ಕೇ. ಪಿಡಿಎಫ್ ತೆರೆಯುವ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳುವಾಗ ಅದರ ಜೊತೆಗೆ ಟೂಲ್‌ಬಾರ್ ಒಂದು ಬಂದಿತ್ತು. ‘ನೆಕ್ಸ್ಟ್’ ಒತ್ತುತ್ತ ಹೋಗುವವರ ಕಣ್ಣಿಗೆ ಬೀಳದಂತೆ ಮೊದಲೇ ಟಿಕ್ ಹಾಕಿಟ್ಟ ಚೌಕ ಅದರ ಪ್ರವೇಶದ್ವಾರ. ಇದನ್ನು ಬಳಸುವವರ ಅಜಾಗರೂಕತೆ ಎನ್ನಲು ನಾನು ಒಪ್ಪುವುದಿಲ್ಲ. ಎಪ್ಪತ್ತು ದಾಟಿದ ಹಿರಿಯರು ಇಂಗ್ಲಿಷಿನ ಸಣ್ಣಕ್ಷರದ ಒಪ್ಪಂದ ಓದಲಾರರು ಎಂದು ಗೊತ್ತಿದ್ದೇ ಆ ಚೌಕಕ್ಕೆ ಟಿಕ್ ಹಾಕಲಾಗಿರುತ್ತದೆ. ಓದಲಾಗದವರಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಹಾಗೆ ಬಂದ ತಂತ್ರಾಂಶ ಮಾವಿನ ಮರದ ಬಂದಳಿಕೆಯಂತೆ. ಹಕ್ಕಿ ತಂದ ಅಂಟು ಬೀಜ ಕೊಂಬೆಗೆ ಹತ್ತಿಕೊಂಡು, ಮರದೊಳಗೇ ಬೇರಿಳಿಸಿ, ಮರದ್ದೇ ಹಸಿರಿನಲ್ಲಿ ಬೆಳೆಯುತ್ತದೆ. ದೂರದಿಂದ ನೋಡಿದವರಿಗೆ ಕೊಂಬೆ ಯಾವುದು, ಬಂದಳಿಕೆ ಯಾವುದು ತಿಳಿಯುವುದಿಲ್ಲ. ಎಲೆ ತರಿದರೆ ಮತ್ತೆ ಚಿಗುರುತ್ತದೆ, ಬೇರಿಳಿದ ಜಾಗದಿಂದ ಕೆಳಗೆ ಕೊಂಬೆಯನ್ನೇ ಕಡಿಯಬೇಕು. ಕಂಪ್ಯೂಟರಿನಲ್ಲಿ ಬೇರಿಳಿಯುವ ಜಾಗಗಳು ಹಲವು: ಸ್ಟಾರ್ಟ್‌ಅಪ್ ಫೋಲ್ಡರ್, ರಿಜಿಸ್ಟ್ರಿ, ಸರ್ವೀಸುಗಳು, ಹೊತ್ತುಹೊತ್ತಿಗೆ ತಾನೇ ಎದ್ದು ಓಡಲು ಬರೆದಿಟ್ಟ ಟಾಸ್ಕ್‌ಗಳು, ಬ್ರೌಸರಿನ ಎಕ್ಸ್‌ಟೆನ್ಷನ್‌ಗಳು. ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸುವ ‘ಆಟೋರನ್ಸ್’ ಎಂಬ ಉಚಿತ ಉಪಕರಣವಿದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸಿಂಟರ್ನಲ್ಸ್ ಬಳಗದ್ದು ಅದು, 2006ರಿಂದ ಮೈಕ್ರೋಸಾಫ್ಟಿನ ಸ್ವತ್ತು. ತಯಾರಕರ ಸಹಿ ಇಲ್ಲದವು ಅದರಲ್ಲಿ ಗುಲಾಬಿ ಬಣ್ಣದಲ್ಲಿ ಕಾಣುತ್ತವೆ. ಅನುಮಾನ ಬಂದದ್ದನ್ನು ಕೂಡಲೇ ಅಳಿಸಬೇಕಿಲ್ಲ. ಟಿಕ್ ತೆಗೆದು, ಕಂಪ್ಯೂಟರನ್ನು ಮತ್ತೆ ಶುರುಮಾಡಿ, ಏನೂ ಕೆಡಲಿಲ್ಲವೆಂದಾದರೆ ಮುಂದಿನ ಹೆಜ್ಜೆ ಇಡಬಹುದು.

ಪಟ್ಟಿಯನ್ನು ಒಟ್ಟಿಗೆ ಓದುತ್ತ ಹೋದಾಗ ದೊಡ್ಡಪ್ಪ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: “ನುಡಿಯೂ ನಾನು ಒತ್ತಿದ ಕೀಲಿಯನ್ನೆಲ್ಲ ಓದುತ್ತಲ್ಲೋ. ಪಾಸ್‌ವರ್ಡ್ ಕದಿಯೋದೂ ಅದನ್ನೇ ಮಾಡುತ್ತೆ ಅಂತೀಯ. ಹಾಗಾದ್ರೆ ಎರಡಕ್ಕೂ ಏನು ವ್ಯತ್ಯಾಸ?” ಮೇಷ್ಟ್ರ ಪ್ರಶ್ನೆಯೇ ಅದು. ಕನ್ನಡದ ಕೀಲಿಮಣೆ ತಂತ್ರಾಂಶ ಒತ್ತಿದ ಪ್ರತಿ ಕೀಲಿಯನ್ನೂ ನಡುವೆ ತಡೆದು ಓದಿಯೇ ಅಕ್ಷರ ಮೂಡಿಸಬೇಕು. ಕೀಲಾಗರ್ ಕೂಡ ನಡುವೆ ನಿಂತು ಓದುತ್ತದೆ. ಕೆಲಸದ ಬಗೆ ಒಂದೇ, ವ್ಯತ್ಯಾಸವಿರುವುದು ನಡತೆಯಲ್ಲಿ. ನುಡಿಯನ್ನು ತಂದು ಹಾಕಿಕೊಂಡವರು ದೊಡ್ಡಪ್ಪನೇ. ಅದು ತನ್ನ ಹೆಸರು ಹೇಳಿಕೊಂಡು ಕಣ್ಣೆದುರಿಗಿರುತ್ತದೆ, ಮುಚ್ಚು ಎಂದರೆ ಮುಚ್ಚುತ್ತದೆ, ತೆಗೆದರೆ ಹೋಗುತ್ತದೆ, ಓದಿದ್ದನ್ನು ಪರದೆಯ ಮೇಲೆ ಅಕ್ಷರವಾಗಿಸಿ ನಮಗೇ ಒಪ್ಪಿಸುತ್ತದೆ. ಇನ್ನೊಂದು ಕದ್ದು ಬಂದದ್ದು, ಹೆಸರು ಮರೆಸಿ ಕೂತದ್ದು, ಓದಿದ್ದನ್ನು ನಮಗೆ ಗೊತ್ತಿಲ್ಲದವರಿಗೆ ಕಳಿಸುವಂಥದ್ದು. ಹೆಸರು ಅಪರಿಚಿತ ಎಂಬ ಕಾರಣಕ್ಕೇ ಯಾವುದನ್ನೂ ಕಿತ್ತುಹಾಕಬಾರದು. ಕರೆದವರು ಯಾರು, ಎಲ್ಲಿ ಕೂತಿದೆ, ಕರೆಯದಾಗ ಏನು ಮಾಡುತ್ತಿದೆ, ಹೋಗು ಎಂದರೆ ಹೋಗುತ್ತದೆಯೇ ಎಂದು ವಿಚಾರಿಸಬೇಕು.

ಪರಿಚಿತ ಹೆಸರಿಗೂ ಇದೇ ವಿಚಾರಣೆ ಸಲ್ಲಬೇಕು. 2005ರ ಅಕ್ಟೋಬರ್ 31ರಂದು ಇದೇ ರುಸಿನೋವಿಚ್ ತಮ್ಮ ಕಂಪ್ಯೂಟರಿನಲ್ಲಿ ಅಡಗಿದ್ದ ತಂತ್ರಾಂಶವೊಂದರ ವಿಷಯವನ್ನು ಬಹಿರಂಗಪಡಿಸಿದರು. ಅದು ಬಂದದ್ದು ಸೋನಿ ಬಿಎಂಜಿ ಕಂಪನಿ ಮಾರಿದ ಸಂಗೀತದ ಸಿಡಿಯಿಂದ. ನಕಲು ತಡೆಯಲೆಂದು ಹಾಕಿದ್ದ ಆ ತಂತ್ರಾಂಶ ವಿಂಡೋಸಿನ ಕಣ್ಣಿಗೇ ಮರೆಯಾಗಿ ಕೂತಿತ್ತು, ಬೇರೆ ವೈರಸ್ಸುಗಳಿಗೂ ಅದೇ ಮರೆಯಲ್ಲಿ ಅಡಗಲು ಅವಕಾಶವಾಯಿತು. ಕೊನೆಗೆ ಕಂಪನಿ ಆ ಸಿಡಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಇದನ್ನು 1986ರ ‘ಬ್ರೇನ್’ ಜೊತೆ ಇಟ್ಟು ನೋಡಬೇಕು. ಪಿಸಿಗಳ ಮೊದಲ ವೈರಸ್ ಎನಿಸಿಕೊಂಡ ಅದನ್ನು ಬರೆದ ಲಾಹೋರಿನ ಇಬ್ಬರು ಸಹೋದರರು ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಬರೆದಿಟ್ಟಿದ್ದರು. ಅಂದಿನ ವೈರಸ್ ಹೇಳಿದಷ್ಟನ್ನು ಎರಡು ದಶಕದ ನಂತರದ ದೊಡ್ಡ ಕಂಪನಿ ತನ್ನ ಗಿರಾಕಿಗೆ ಹೇಳಲಿಲ್ಲ.

ಇನ್ನು ಫಾರ್ಮ್ಯಾಟಿನ ಮಾತು. ಅಡಗುವ ಬಗೆಯ ರೂಟ್‌ಕಿಟ್ ಬಂದಿದ್ದರೆ, ತೆಗೆದದ್ದು ಮತ್ತೆ ಮತ್ತೆ ಮೂಡಿದರೆ, ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆದಿದ್ದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದೇ ಸರಿ. ಅದಕ್ಕೆ ಮುಂಚೆ ಬರಹ, ಫೋಟೋಗಳನ್ನು ಮಾತ್ರ ನಕಲು ಮಾಡಿಕೊಳ್ಳಬೇಕು, ತಂತ್ರಾಂಶಗಳನ್ನಲ್ಲ. ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಿಸಬೇಕು. ಪರದೆಯ ಮೇಲೆ ಫೋನ್ ನಂಬರು ತೋರಿಸಿ ಹೆದರಿಸುವ ಎಚ್ಚರಿಕೆ ಎಷ್ಟು ಕೆಂಪಾಗಿದ್ದರೂ ಮೋಸವೇ. ವಿಂಡೋಸ್ ತನ್ನ ಎಚ್ಚರಿಕೆಯ ಜೊತೆ ಕರೆಮಾಡಲು ನಂಬರು ಕೊಡುವುದಿಲ್ಲ. ಆ ನಂಬರಿಗೆ ಫೋನ್ ಮಾಡಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರ ಶುದ್ಧಿಯ ಉಪಕರಣಗಳನ್ನು ಉಚಿತವಾಗಿ ಕೊಡುತ್ತದೆ, ಇದು ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕು.

ಶುದ್ಧವಾದ ಮಾತ್ರಕ್ಕೆ ಹಳೆಯ ಯಂತ್ರ ಸುರಕ್ಷಿತವಾಗುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ. ಬೆಂಬಲ ಮುಗಿದರೆ ಭದ್ರತೆಯ ಕಿಂಡಿಗಳಿಗೆ ತೇಪೆ ಬರುವುದೂ ನಿಲ್ಲುತ್ತದೆ. ತೇಪೆ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು 2017ರ ಮೇ 12 ತೋರಿಸಿದೆ. ಅಂದು ಹಬ್ಬಿದ ವಾನ್ನಾಕ್ರೈ ಎಂಬ ಕೇಡಿನ ತಂತ್ರಾಂಶ ನುಗ್ಗಿದ ಕಿಂಡಿಗೆ ತೇಪೆ ಎರಡು ತಿಂಗಳು ಮುಂಚೆಯೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳು ಜಗತ್ತಿನುದ್ದಕ್ಕೂ ಸಿಕ್ಕಿಬಿದ್ದವು, ಬ್ರಿಟನ್ನಿನ ಆಸ್ಪತ್ರೆಗಳೂ ಸೇರಿ. ಆದ್ದರಿಂದ ದೊಡ್ಡಪ್ಪನ ಕಂಪ್ಯೂಟರಿಗೆ ಇಂಟರ್ನೆಟ್ಟಿನ ವೈರನ್ನು ಮತ್ತೆ ಚುಚ್ಚಲಿಲ್ಲ. ಅದು ಈಗ ಬರೆಯುವುದಕ್ಕೆ, ಫೋಟೋ ನೋಡುವುದಕ್ಕೆ ಮಾತ್ರ. ಇಂಟರ್ನೆಟ್ ಬೇಕೆನ್ನುವವರು ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ದೊಡ್ಡಪ್ಪ ತಾವಾಗಿಯೇ ಇನ್ನೊಂದು ಕೆಲಸ ಮಾಡಿದರು. ಶಾಲೆಯಲ್ಲಿ ಪೀಠೋಪಕರಣಗಳಿಗೆ ಇಡುತ್ತಿದ್ದ ದಾಸ್ತಾನು ಪುಸ್ತಕದ ಮಾದರಿಯಲ್ಲೇ ಗೆರೆ ಎಳೆದು, ಕಂಪ್ಯೂಟರಿನಲ್ಲಿರುವ ತಂತ್ರಾಂಶಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಹೆಸರು, ಹಾಕಿದ ತಾರೀಕು, ಯಾತಕ್ಕಾಗಿ, ಹಾಕಿದವರು ಯಾರು. ದುಬಾರಿ ಆ್ಯಂಟಿವೈರಸ್ಸಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿವು, ಏಕೆಂದರೆ ಇದನ್ನು ಕರೆದವರು ಯಾರು ಎಂಬುದು ಆ ಮನೆಯವರಿಗೆ ಮಾತ್ರ ಗೊತ್ತು. ಅಂಥ ಪುಸ್ತಕ ಪ್ರತಿ ಮನೆಯಲ್ಲೂ ಇರಲಿ. ಪಟ್ಟಿಯಲ್ಲಿ ಹೊಸ ಹೆಸರು ಕಂಡ ದಿನ ಅದನ್ನು ತೆರೆದು ನೋಡಿ. ಬರೆದಿದ್ದರೆ ಸರಿ, ಬರೆದಿಲ್ಲವಾದರೆ ವಿಚಾರಣೆ ಅವತ್ತೇ ಶುರುವಾಗಲಿ.