ಚಿತ್ರಕೂಟದ ಇನ್ನೊಂದು ಲೆಕ್ಕ

ನೌಕರಿಯ ಭದ್ರತೆ, ನೆಂಟರಿಷ್ಟರ ಒಪ್ಪಿಗೆ, ಶಾಸ್ತ್ರೋಕ್ತ ಸಂಸಾರ ಇವುಗಳನ್ನೆಲ್ಲ ಬದಿಗೊತ್ತಿ ಕಲೆ, ಗೆಳೆತನ, ಹರಟೆಗಳ ಸುತ್ತ ಬದುಕು ಕಟ್ಟಿಕೊಳ್ಳುವ ರೀತಿಗೆ ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಬೊಹೀಮಿಯನ್ ಎಂಬ ಹೆಸರು ಬಿತ್ತು. ಕನ್ನಡ ಸಾಹಿತ್ಯದಲ್ಲಿ ಅಂಥ ಕಾಲವೊಂದಿದ್ದರೆ ಅದು 1960 ಮತ್ತು 70ರ ದಶಕಗಳು. ಅದು ಅರಳಿದ್ದು ಪಟ್ಟಣದ ಬಾಡಿಗೆ ಕೋಣೆಗಳಲ್ಲಿ ಎಷ್ಟೋ ಅಷ್ಟೇ ಮಲೆನಾಡಿನ ತೋಟಗಳಲ್ಲಿ ಎಂಬುದು ಪ್ಯಾರಿಸ್ಸಿಗಿಲ್ಲದ ವಿಶೇಷ.

ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ (1938–2007) ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ, ಅಧ್ಯಾಪಕನ ಕುರ್ಚಿ ಹಿಡಿಯುವ ಬದಲು ಮೂಡಿಗೆರೆಯ ಸೀಮೆಗೆ ಹೋಗಿ ಕಾಫಿ ಬೆಳೆಯಲು ನಿಂತರು. ಆ ತೋಟಕ್ಕೆ ಚಿತ್ರಕೂಟವೆಂದು ಹೆಸರಿಟ್ಟರು. ಅದೇ ಮೈಸೂರಿನಲ್ಲಿ ತತ್ವಶಾಸ್ತ್ರ ಓದುತ್ತಿದ್ದ ರಾಜೇಶ್ವರಿಯವರಿಗೆ ಅವರು ಬರೆದ ಕಾಗದಗಳು ಕನ್ನಡದ ಒಳ್ಳೆಯ ಗದ್ಯಕ್ಕೆ ಸೇರಬೇಕಾದವು. 1966ರ ನವೆಂಬರಿನಲ್ಲಿ ನಡೆದ ಅವರ ಮದುವೆಗೆ ಪುರೋಹಿತರಾಗಲಿ ಮುಹೂರ್ತವಾಗಲಿ ಇರಲಿಲ್ಲ. ಹಿರಿಯರೊಬ್ಬರು ಓದಿಸುವ ಪ್ರತಿಜ್ಞೆಯನ್ನು ವಧೂವರರು ಹೇಳಿ, ವರದಕ್ಷಿಣೆ, ಜಾತಕ, ಆಡಂಬರಗಳನ್ನು ಬಿಟ್ಟು ಸಂಗಾತಿಗಳಾಗುವ ಈ ಪದ್ಧತಿಯನ್ನು ಕುವೆಂಪು ಮಂತ್ರಮಾಂಗಲ್ಯ ಎಂದು ಕರೆದರು. ಮೊದಲ ಪ್ರಯೋಗ ಸ್ವಂತ ಮಗನ ಮೇಲೆಯೇ ಆಯಿತು.

ಈ ಪ್ರಬಂಧದ ಲೇಖಕನ ಮದುವೆಯೂ ಮಂತ್ರಮಾಂಗಲ್ಯವೇ. ಬನವಾಸಿ ಸೀಮೆಯ ದಾಸನಕೊಪ್ಪದಂಥ ಊರಿನಲ್ಲಿ, ಗದ್ದೆಯೂ ಜೋಳದ ಹೊಲವೂ ಬೆರೆತ ಶಿರಸಿ ತಾಲ್ಲೂಕಿನ ಆ ಅರೆಮಲೆನಾಡಿನಲ್ಲಿ, ಓಲಗವಿಲ್ಲದ ಮದುವೆಯೆಂದರೆ ವರನ ಕಡೆಯವರಿಗೆ ಏನೋ ಕಷ್ಟ ಬಂದಿರಬೇಕೆಂದೇ ಜನ ತಿಳಿದರು. ದೊಡ್ಡಪ್ಪನೊಬ್ಬ "ಇದು ಮದುವೆನೋ, ಸೊಸೈಟಿ ಮೀಟಿಂಗೋ?" ಎಂದು ಕೇಳಿದನಾದರೂ ಪಾಯಸ ಎರಡು ಸಲ ಹಾಕಿಸಿಕೊಂಡನು. ಮದುಮಗನ ಧೈರ್ಯಕ್ಕೆ ಊರು ಬೇಗನೆ ಒಗ್ಗಿತು. ಸೊಸೆಯ ಬರಿಗೊರಳಿನ ಮಾತು ಮಾತ್ರ ನೀರು ಸೇದುವ ಕಟ್ಟೆಯಲ್ಲಿ ವರ್ಷಗಟ್ಟಲೆ ನಡೆಯಿತು. ಒಂದೇ ಪ್ರತಿಜ್ಞೆಯನ್ನು ಇಬ್ಬರೂ ಹೇಳಿದ್ದರೂ ಅದರ ಸುಂಕ ಕಟ್ಟಿದವಳು ಒಬ್ಬಳೇ.

1960–70ರ ದಶಕಗಳ ಆ ಹುರುಪಿಗೆ ರಾಮಮನೋಹರ ಲೋಹಿಯಾ ಅವರ ಸಮಾಜವಾದ ಒಂದು ಮುಖ್ಯ ಕಾರಣ. ಶಿರಸಿ, ಸಿದ್ದಾಪುರಗಳಿಗೆ ದೂರವಲ್ಲದ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು, ಅಂದರೆ ಒಡೆಯನಿಗೆ ಬೆಳೆಯ ಪಾಲು ಅಳೆದುಕೊಟ್ಟು ಗದ್ದೆ ಉಳುತ್ತಿದ್ದವರು, ಸತ್ಯಾಗ್ರಹ ಹೂಡಿದಾಗ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯಿಂದ ಉಳುವವನೇ ಒಡೆಯನಾದನು. ಈ ಲೇಖಕನ ಮನೆಯ ಗದ್ದೆಯೂ ಹಾಗೆಯೇ ದಕ್ಕಿದ್ದು. ಆದರೆ ಪಹಣಿಯಲ್ಲಿ ಅಪ್ಪನ ಹೆಸರು ಬಂತು. ಸೊಂಟ ಬಗ್ಗಿಸಿ ನೆಟ್ಟಿ ಮಾಡಿದ ಅವ್ವನ ಹೆಸರು ಯಾವ ಕಾಲಂನಲ್ಲೂ ಇರಲಿಲ್ಲ. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಕಥಾಸಂಕಲನದ ಮುನ್ನುಡಿಯಲ್ಲಿ ತೇಜಸ್ವಿ ನವ್ಯ ಸಾಹಿತ್ಯದ ದಾರಿಯನ್ನು ಬಿಟ್ಟುದಾಗಿ ಸಾರಿ ಲೋಹಿಯಾ, ಕುವೆಂಪು, ಶಿವರಾಮ ಕಾರಂತರ ಋಣವನ್ನು ನೆನೆದರು. ಹೊಸ ದಾರಿ ನಿಜ, ಆದರೆ ಆ ಪಟ್ಟಿಯೂ ಗಂಡಸರದೇ.

ಬೊಹೀಮಿಯನ್ ಬದುಕಿನ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ದಿನಸಿಯ ಲೆಕ್ಕ. ಹೇಳದೆ ಬಂದ ಗೆಳೆಯರ ಗುಂಪು ನಡುರಾತ್ರಿಯವರೆಗೆ ಕ್ರಾಂತಿ ಮಾತಾಡುವಾಗ ಯಾರೋ ಒಬ್ಬರು ಅಕ್ಕಿಗೆ ಎಸರಿಟ್ಟಿರಲೇಬೇಕು. ಆ ಯಾರೋ ಬರೆದಾಗ ಕಾಲವೇ ಬೇರೆಯಾಗಿ ಕಾಣುತ್ತದೆ. ಆ ಕಾಲದ ಇನ್ನೊಬ್ಬ ಲೇಖಕ ಪಿ. ಲಂಕೇಶರ ಪತ್ನಿ ಇಂದಿರಾ, ಸೀರೆ ವ್ಯಾಪಾರ ನಡೆಸಿ ಸಂಸಾರಕ್ಕೆ ಆಧಾರವಾದವರು, ತಮ್ಮ ಕಥನವನ್ನು 'ಹುಳಿಮಾವು ಮತ್ತು ನಾನು' ಎಂದು ಬರೆದರು. ರಾಜೇಶ್ವರಿಯವರು 'ನನ್ನ ತೇಜಸ್ವಿ' ಬರೆದದ್ದು ಎಪ್ಪತ್ತರ ವಯಸ್ಸಿನ ಆಸುಪಾಸಿನಲ್ಲಿ, ಪತಿ ತೀರಿಕೊಂಡ ಮೇಲೆ. ಅದರಲ್ಲಿ ದೂರು ಕಡಿಮೆ, ಪ್ರೀತಿ ಧಾರಾಳ. ಕೆಲವೆಡೆ ಧಾರಾಳ ಹೆಚ್ಚೇ ಆಯಿತೆಂದು ಅನ್ನಿಸುವುದೂ ಉಂಟು. ಆದರೂ ಮೀನು ಹಿಡಿಯುವ, ಹಕ್ಕಿಯ ಚಿತ್ರ ತೆಗೆಯುವ, ಯಾರಿಗೂ ಸಲಾಮು ಹೊಡೆಯದ ಆ ಮನುಷ್ಯ ಹಾಗಿರಲು ಸಾಧ್ಯವಾದ ಮನೆ ಹೇಗೆ ನಡೆಯುತ್ತಿತ್ತೆಂಬುದು ಮೊದಲ ಸಲ ತಿಳಿಯುವುದು ಅಲ್ಲಿಯೇ.

ದಾಸನಕೊಪ್ಪದ ಈ ಲೇಖಕನ ಮನೆಯಲ್ಲಿ ತೇಜಸ್ವಿಯವರ 'ಕರ್ವಾಲೋ' ಕಾದಂಬರಿಯ ಪ್ರತಿಯ ರಟ್ಟು ಕಿತ್ತುಹೋಗಿದೆ. ಪಕ್ಕದಲ್ಲಿರುವ ಹೆಂಡತಿಯ ಆಳಿನ ಲೆಕ್ಕದ ಪುಸ್ತಕ, ಯಾರಿಗೆ ಎಷ್ಟು ದಿನದ ಕೂಲಿ, ಯಾರಿಗೆ ಎಷ್ಟು ಮುಂಗಡ ಎಂದು ಪೆನ್ಸಿಲಿನಲ್ಲಿ ಗೀಚಿದ್ದು, ಇನ್ನೂ ಗಟ್ಟಿಯಾಗಿದೆ. ರಾಜೇಶ್ವರಿಯವರು 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಈ ದಂಪತಿಯ ಜೀವನಚರಿತ್ರೆಯನ್ನು ಮುಂದೆ ಯಾರೇ ಬರೆಯಲಿ, ಅದನ್ನು ಇಬ್ಬರ ಚರಿತ್ರೆಯಾಗಿ ಬರೆಯಲಿ. ಅಲ್ಲಿಯವರೆಗೆ 'ಕರ್ವಾಲೋ' ಓದಿ ಮುಗಿಸಿದವರು 'ನನ್ನ ತೇಜಸ್ವಿ'ಯನ್ನೂ ಕೈಗೆತ್ತಿಕೊಳ್ಳಬೇಕು.